ತಿಪ್ಪೆಯಲ್ಲಿ ಸಿಕ್ಕ ಮಡ್ಡಿ: ಒಂದು ಫೇಜ್ ಚಿಕಿತ್ಸೆಯ ಪ್ರಕರಣ

2010ರಲ್ಲಿ ದಕ್ಷಿಣ ಆಫ್ರಿಕಾದ ಡರ್ಬನ್‌ನಲ್ಲಿ ಒಬ್ಬ ವಿದ್ಯಾರ್ಥಿನಿ ತಿಪ್ಪೆಯಲ್ಲಿ ಕೊಳೆಯುತ್ತಿದ್ದ ಬದನೆಕಾಯಿಯೊಂದರ ಅಡಿಭಾಗದಿಂದ ಸ್ವಲ್ಪ ಕೊಳೆ ಕೆರೆದುಕೊಂಡಳು. ಅದರಲ್ಲಿ ಬ್ಯಾಕ್ಟೀರಿಯಾ ತಿನ್ನುವ ವೈರಸ್ ಏನಾದರೂ ಇದೆಯಾ ಎಂದು ನೋಡುವುದು ಅವಳ ಕಾಲೇಜಿನ ಪಾಠದ ಭಾಗ. ಒಂದು ಸಿಕ್ಕಿತು. ಅದಕ್ಕೆ 'ಮಡ್ಡಿ' ಎಂದು ಹೆಸರಿಟ್ಟಳು. ಇಂಗ್ಲಿಷಿನಲ್ಲಿ ಹಾಗೆಂದರೆ ಕೆಸರು ಕೆಸರಾದದ್ದು. ನಮ್ಮಲ್ಲೂ ಎಣ್ಣೆ ಡಬ್ಬಿಯ ತಳದ ಗಸಿಗೆ ಮಡ್ಡಿ ಅಂತಲೇ ಅನ್ನುತ್ತೇವೆ, ಅಲ್ವಾ? ಎರಡೂ ಭಾಷೆಯಲ್ಲಿ ಹೊಂದುವ ಹೆಸರು.

ಎಂಟು ವರ್ಷದ ನಂತರ ಅದೇ ಮಡ್ಡಿಯನ್ನು ಶುದ್ಧ ಮಾಡಿ, ಇಂಗ್ಲೆಂಡಿನ ಹದಿನೈದು ವರ್ಷದ ಹುಡುಗಿಯೊಬ್ಬಳ ರಕ್ತನಾಳಕ್ಕೆ ಹರಿಸಿದರು. ಹುಡುಗಿಯ ಹೆಸರು, ಆಸ್ಪತ್ರೆಯ ಹೆಸರು ಇಲ್ಲಿ ಬೇಡ. ಪ್ರಕರಣದ ವಿವರ 2019ರ ಮೇ ತಿಂಗಳಲ್ಲಿ 'ನೇಚರ್ ಮೆಡಿಸಿನ್' ಪತ್ರಿಕೆಯಲ್ಲಿ ಬಂದಿದೆ. ಆಗ ಸುದ್ದಿ ಮಾಧ್ಯಮಗಳಲ್ಲಿ ಇದು 'ಪವಾಡ' ಎಂದೇ ಓಡಾಡಿತು. ನನಗೆ ಆ ಪದ ಇಷ್ಟವಿಲ್ಲ. ಪವಾಡ ಎಂದ ಕೂಡಲೇ ಯಾರು ಯಾವಾಗ ಏನು ನಿರ್ಧಾರ ತೆಗೆದುಕೊಂಡರು ಎಂಬುದು ಮರೆಯಾಗಿಬಿಡುತ್ತದೆ. ಈ ಪ್ರಕರಣದಲ್ಲಿ ಕಲಿಯುವುದಿರುವುದೇ ಆ ನಿರ್ಧಾರಗಳಲ್ಲಿ.

ಹಿನ್ನೆಲೆ

ಹುಡುಗಿಗೆ ಹುಟ್ಟಿನಿಂದಲೇ ಸಿಸ್ಟಿಕ್ ಫೈಬ್ರೋಸಿಸ್ ಇತ್ತು. ತಂದೆ ತಾಯಿ ಇಬ್ಬರಿಂದಲೂ ಕೆಟ್ಟ ಜೀನ್ ಬಂದರೆ ಮಾತ್ರ ಬರುವ ಕಾಯಿಲೆ ಇದು. ದೇಹದ ಲೋಳೆ ತೆಳ್ಳಗಿರುವ ಬದಲು ಆರಿದ ಗಂಜಿಯ ಹಾಗೆ ದಪ್ಪವಾಗುತ್ತದೆ. ಶ್ವಾಸಕೋಶದಲ್ಲಿ ಕಟ್ಟಿಕೊಂಡ ಆ ಲೋಳೆ ಹೊರಗೆ ಬರುವುದಿಲ್ಲ. ಅಲ್ಲಿ ಬ್ಯಾಕ್ಟೀರಿಯಾ ಬೀಡು ಬಿಡುತ್ತವೆ.

ಇವಳ ಶ್ವಾಸಕೋಶದಲ್ಲಿ ಬೀಡು ಬಿಟ್ಟವುಗಳಲ್ಲಿ ಒಂದರ ಹೆಸರು ಮೈಕೋಬ್ಯಾಕ್ಟೀರಿಯಂ ಅಬ್‌ಸೆಸಸ್. ಕ್ಷಯ ಮತ್ತು ಕುಷ್ಠದ ಬ್ಯಾಕ್ಟೀರಿಯಾಗಳ ನಂಟ. ನೀರಿನಲ್ಲಿ, ಮಣ್ಣಿನಲ್ಲಿ ಸುಮ್ನೆ ಇರುತ್ತದೆ. ಆರೋಗ್ಯವಂತರಿಗೆ ಹೆಚ್ಚಾಗಿ ಏನೂ ಮಾಡುವುದಿಲ್ಲ. ಆದರೆ ಶ್ವಾಸಕೋಶ ಮೊದಲೇ ಹಾಳಾಗಿದ್ದವರಲ್ಲಿ ಹೊಕ್ಕರೆ ಓಡಿಸುವುದು ಬಹಳ ಕಷ್ಟ. ಮೈಗೆ ಮೇಣದಂಥ ಹೊದಿಕೆ ಇದೆ, ಔಷಧ ಒಳಗಿಳಿಯುವುದಿಲ್ಲ. ಕ್ಷಯಕ್ಕೆ ಕೊಡುವ ಮುಖ್ಯ ಮಾತ್ರೆಗಳು ಇದಕ್ಕೆ ನಾಟುವುದೇ ಇಲ್ಲ. ಮೂರು ನಾಲ್ಕು ಆಂಟಿಬಯೋಟಿಕ್ ಸೇರಿಸಿ, ವರ್ಷಕ್ಕೂ ಮೇಲ್ಪಟ್ಟು ಕೊಡಬೇಕಾಗುತ್ತದೆ. ಅವುಗಳಲ್ಲಿ ಅಮಿಕಾಸಿನ್‌ನಂಥದ್ದು ಕಿವಿಗೂ ಮೂತ್ರಪಿಂಡಕ್ಕೂ ಪೆಟ್ಟು ಕೊಡುತ್ತದೆ.

ಇಲ್ಲೊಂದು ಮಾತು ನಮ್ಮ ಕಡೆಯವರಿಗೆ. ಕಫ ಪರೀಕ್ಷೆಯಲ್ಲಿ ಕ್ಷಯದ ಬ್ಯಾಕ್ಟೀರಿಯಾ ಕೆಂಪಗೆ ಕಾಣುವಂತೆ ಬಣ್ಣ ಹಾಕುತ್ತಾರಲ್ಲ, ಅದೇ ಬಣ್ಣವನ್ನು ಈ ಅಬ್‌ಸೆಸಸ್ ಕೂಡ ಹಿಡಿದುಕೊಳ್ಳುತ್ತದೆ. ಸೂಕ್ಷ್ಮದರ್ಶಕದ ಕೆಳಗೆ ಎರಡನ್ನೂ ಬೇರೆ ಮಾಡುವುದು ಆಗದ ಮಾತು. ಕ್ಷಯ ಇಷ್ಟು ಜಾಸ್ತಿ ಇರುವ ದೇಶದಲ್ಲಿ 'ಮಾತ್ರೆ ತಗೊಂಡರೂ ಗುಣವಾಗದ ಟಿಬಿ' ಎಂದಾಗ, ಅದು ನಿಜವಾಗಿ ಟಿಬಿಯೇನಾ ಎಂದು ಒಮ್ಮೆ ಕಲ್ಚರ್ ಅಥವಾ ಜೀನ್ ಪರೀಕ್ಷೆ ಮಾಡಿ ನೋಡುವುದು ಅದಕ್ಕೇ ಮುಖ್ಯ.

ಸಮಸ್ಯೆ

ಎಂಟು ವರ್ಷದಷ್ಟು ಕಾಲ ಔಷಧ ನಡೆದಿತ್ತು. ಉಸಿರಾಟದ ಬಲ ಕುಗ್ಗುತ್ತಲೇ ಹೋಯಿತು. ಕೊನೆಗೆ ಉಳಿದದ್ದು ಶ್ವಾಸಕೋಶ ಕಸಿ.

ಇದು ಮೊದಲ ದೊಡ್ಡ ನಿರ್ಧಾರ, ಸುಲಭದ್ದಲ್ಲ. ಅಬ್‌ಸೆಸಸ್ ಇರುವವರಿಗೆ ಕಸಿ ಮಾಡಲು ಹಲವು ಕೇಂದ್ರಗಳು ಹಿಂಜರಿಯುತ್ತವೆ. ಕಾರಣ ಸರಳ. ಹೊಸ ಅಂಗವನ್ನು ದೇಹ ತಿರಸ್ಕರಿಸದಿರಲಿ ಎಂದು ರೋಗನಿರೋಧಕ ಶಕ್ತಿಯನ್ನು ಔಷಧ ಕೊಟ್ಟು ತಗ್ಗಿಸಬೇಕು. ಮನೆಗೆ ಕಳ್ಳ ನುಗ್ಗಿರುವಾಗ ಕಾವಲುನಾಯಿಗೆ ನಿದ್ದೆ ಮಾತ್ರೆ ಕೊಟ್ಟ ಹಾಗೆ. ಕಸಿ ಮಾಡದಿದ್ದರೆ ಹುಡುಗಿ ಉಳಿಯುವುದಿಲ್ಲ, ಮಾಡಿದರೆ ಬ್ಯಾಕ್ಟೀರಿಯಾಕ್ಕೆ ಬಾಗಿಲು ತೆರೆದಂತೆ. 2017ರ ಸೆಪ್ಟೆಂಬರಿನಲ್ಲಿ ಎರಡೂ ಶ್ವಾಸಕೋಶ ಬದಲಾಯಿಸಿದರು.

ಹೆದರಿದ್ದೇ ಆಯಿತು. ಎದೆಯ ಮೇಲಿನ ಶಸ್ತ್ರಚಿಕಿತ್ಸೆಯ ಗಾಯ ಕೆಂಪಗಾಯಿತು. ಅಲ್ಲಿ ಸಿಕ್ಕಿದ್ದು ಅದೇ ಅಬ್‌ಸೆಸಸ್. ಅಲ್ಲಿಂದ ಪಿತ್ತಜನಕಾಂಗಕ್ಕೆ ಹರಡಿತು. ಕೈಕಾಲ ಚರ್ಮದ ಮೇಲೆ ಗಂಟುಗಳು ಎದ್ದವು, ಒಂದೊಂದರಲ್ಲೂ ಬ್ಯಾಕ್ಟೀರಿಯಾ. ಶ್ವಾಸಕೋಶದ ಕಾಯಿಲೆ ಈಗ ಮೈತುಂಬ. ಔಷಧ ಹಿಡಿತಕ್ಕೆ ತರಲಿಲ್ಲ. ಇನ್ನು ಗುಣಪಡಿಸುವುದು ಆಗದು, ನೋವು ಕಡಿಮೆ ಮಾಡಿ ನೋಡಿಕೊಳ್ಳೋಣ ಎಂಬ ಹಂತಕ್ಕೆ ಬಂದು, ಅವಳನ್ನು ಮನೆಗೆ ಕಳಿಸಿದರು.

ಒಂದು ಪತ್ರ, ಇಬ್ಬರು ರೋಗಿಗಳು

ಈ ಹೊತ್ತಿಗಾಗಲೇ ಇನ್ನೊಂದು ಕೆಲಸ ಶುರುವಾಗಿತ್ತು. ಹುಡುಗಿಯ ತಾಯಿ ಅಂತರ್ಜಾಲದಲ್ಲಿ ಹುಡುಕಿ, ಫೇಜ್ ಎಂಬುದರ ಬಗ್ಗೆ ಓದಿ, ವೈದ್ಯರನ್ನು ಕೇಳಿದ್ದರು. ಇಂಥ ಪ್ರಶ್ನೆಗೆ ಎಷ್ಟೋ ಕಡೆ 'ಅದೆಲ್ಲ ಓದಬೇಡಿ ಅಮ್ಮಾ' ಎಂಬ ಉತ್ತರ ಸಿಗುತ್ತದೆ. ಇಲ್ಲಿ ಸಿಗಲಿಲ್ಲ. 2017ರ ಅಕ್ಟೋಬರಿನಲ್ಲಿ ಆಸ್ಪತ್ರೆಯ ಕಡೆಯ ಸೂಕ್ಷ್ಮಜೀವಿ ತಜ್ಞರು ಅಮೆರಿಕದ ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದ ಗ್ರಹಾಂ ಹ್ಯಾಟ್‌ಫುಲ್ ಅವರನ್ನು ಸಂಪರ್ಕಿಸಿದರು. ಕೇಳಿದ್ದು ಒಬ್ಬ ರೋಗಿಗಾಗಿ ಅಲ್ಲ, ಇಬ್ಬರಿಗಾಗಿ. ಇಬ್ಬರದೂ ಒಂದೇ ಕಾಯಿಲೆ, ಒಂದೇ ಜಾತಿಯ ಬ್ಯಾಕ್ಟೀರಿಯಾ. ಇಬ್ಬರ ಮೈಯಿಂದ ತೆಗೆದ ಬ್ಯಾಕ್ಟೀರಿಯಾ ಪಿಟ್ಸ್‌ಬರ್ಗ್‌ಗೆ ಹೋಯಿತು. ಹುಡುಗಿಯದಕ್ಕೆ ಜಿಡಿ01 ಎಂದು ಹೆಸರು ಬಿತ್ತು, ಇನ್ನೊಬ್ಬರದಕ್ಕೆ ಜಿಡಿ02.

ಹ್ಯಾಟ್‌ಫುಲ್ ಅವರನ್ನೇ ಏಕೆ ಕೇಳಿದರು? ಅವರು ರೋಗಿಗಳಿಗೆ ಚಿಕಿತ್ಸೆ ಕೊಡುವವರಲ್ಲ. ಅವರ ಹತ್ತಿರ ಇದ್ದದ್ದು ಫ್ರೀಜರ್ ತುಂಬ ಫೇಜ್.

ಫೇಜ್ ಎಂದರೆ ಬ್ಯಾಕ್ಟೀರಿಯಾಕ್ಕೆ ಮಾತ್ರ ತಗಲುವ ವೈರಸ್. ಬ್ಯಾಕ್ಟೀರಿಯಾದ ಮೈಗೆ ಅಂಟಿ, ತನ್ನ ಡಿಎನ್‌ಎ ಒಳಗೆ ತಳ್ಳುತ್ತದೆ. ಒಳಗೆ ಮರಿಗಳು ತಯಾರಾಗಿ, ಬ್ಯಾಕ್ಟೀರಿಯಾವನ್ನು ಒಡೆದು ಹೊರಬರುತ್ತವೆ. ಮನುಷ್ಯನ ಜೀವಕೋಶವನ್ನು ಅದು ಮುಟ್ಟುವುದಿಲ್ಲ. ಈ ಜ್ಞಾನ ಹೊಸದೇನಲ್ಲ. 1896ರಲ್ಲಿ ಆಗ್ರಾದಲ್ಲಿ ಕೆಲಸ ಮಾಡುತ್ತಿದ್ದ ಅರ್ನೆಸ್ಟ್ ಹ್ಯಾಂಕಿನ್, ಗಂಗೆ ಯಮುನೆಯ ನೀರಿನಲ್ಲಿ ಕಾಲರಾ ಬ್ಯಾಕ್ಟೀರಿಯಾ ಸಾಯುತ್ತವೆ, ನೀರನ್ನು ಕುದಿಸಿದರೆ ಆ ಗುಣ ಹೋಗುತ್ತದೆ ಎಂದು ಬರೆದಿದ್ದರು. (ಇದನ್ನು ಹಿಡಿದುಕೊಂಡು 'ಗಂಗಾಜಲ ಕುಡಿದರೆ ಸಾಕು' ಎಂದು ವಾಟ್ಸಾಪಿನಲ್ಲಿ ಕಳಿಸುವವರಿಗೆ ಉತ್ತರ ಮುಂದಿದೆ.) 1917ರಲ್ಲಿ ಫೆಲಿಕ್ಸ್ ಡಿ'ಹೆರೆಲ್ ಇವಕ್ಕೆ ಬ್ಯಾಕ್ಟೀರಿಯೋಫೇಜ್ ಎಂಬ ಹೆಸರು ಕೊಟ್ಟರು. ಆಮೇಲೆ ಪೆನಿಸಿಲಿನ್ ಬಂತು. ಜಾರ್ಜಿಯಾ, ರಷ್ಯಾದಂಥ ಕಡೆ ಬಿಟ್ಟರೆ ಉಳಿದವರು ಫೇಜ್ ಅನ್ನು ಮರೆತರು.

ಹ್ಯಾಟ್‌ಫುಲ್ ಅವರ ಸಂಗ್ರಹ ಚಿಕಿತ್ಸೆಗೆಂದು ಕಟ್ಟಿದ್ದೇ ಅಲ್ಲ. ಪದವಿಯ ಮೊದಲ ವರ್ಷದ ಮಕ್ಕಳಿಗೆ ವಿಜ್ಞಾನದ ರುಚಿ ಹತ್ತಲಿ ಎಂದು ಕಟ್ಟಿದ್ದು. ಮಕ್ಕಳು ಹಿತ್ತಲಿನಿಂದ, ಪಾರ್ಕಿನಿಂದ ಒಂದು ಹಿಡಿ ಮಣ್ಣು ತರಬೇಕು. ಅದರಿಂದ ಫೇಜ್ ಹಿಡಿಯಬೇಕು, ಅದರ ಡಿಎನ್‌ಎ ಓದಿಸಬೇಕು. ಹೆಸರು ಇಡುವುದು ಅವರೇ. 2008ರಿಂದ ಇದು ಸೀ-ಫೇಜಸ್ ಎಂಬ ಕಾರ್ಯಕ್ರಮವಾಗಿ ನೂರಾರು ಮಕ್ಕಳಿಂದ ಸಾವಿರಾರು ಮಕ್ಕಳಿಗೆ ಹರಡಿತು. ಪತ್ರ ಬರುವ ಹೊತ್ತಿಗೆ ಸಂಗ್ರಹದಲ್ಲಿ ಹತ್ತು ಸಾವಿರಕ್ಕೂ ಜಾಸ್ತಿ ಫೇಜ್‌ಗಳಿದ್ದವು. ಅದರಲ್ಲಿ ಒಂದು, ಡರ್ಬನ್‌ನ ಮಡ್ಡಿ.

ಹತ್ತು ಸಾವಿರ ಎಂದರೆ ಸಾಲದೇ ಅನ್ನಿಸಬಹುದು. ಸಾಲದು. ಫೇಜ್ ಬಹಳ ಆರಿಸಿ ಆರಿಸಿ ತಿನ್ನುವಂಥದ್ದು. ಒಂದು ಜಾತಿಯ ಬ್ಯಾಕ್ಟೀರಿಯಾ ಬಿಟ್ಟು ಇನ್ನೊಂದನ್ನು ಮುಟ್ಟುವುದಿಲ್ಲ. ಒಂದೇ ಜಾತಿಯಲ್ಲೂ ಒಂದು ತಳಿಗೆ ಬೀಳುತ್ತದೆ, ಪಕ್ಕದ ತಳಿಗೆ ಬೀಳುವುದಿಲ್ಲ. ಗಂಗೆಯ ನೀರಿನ ಮಾತಿಗೆ ಇದೇ ಉತ್ತರ. ಅಲ್ಲಿರುವ ಫೇಜ್‌ಗೆ ನಿಮ್ಮ ಬ್ಯಾಕ್ಟೀರಿಯಾದ ಪರಿಚಯವೇ ಇರುವುದಿಲ್ಲ. ಅದೂ ಅಲ್ಲದೆ ಈ ಹತ್ತು ಸಾವಿರವನ್ನೂ ಹಿಡಿದದ್ದು ಬಹುಮಟ್ಟಿಗೆ ಮೈಕೋಬ್ಯಾಕ್ಟೀರಿಯಂ ಸ್ಮೆಗ್‌ಮ್ಯಾಟಿಸ್ ಎಂಬ ಸಾಧು ಬ್ಯಾಕ್ಟೀರಿಯಾದ ಮೇಲೆ. ಅದು ಬೇಗ ಬೆಳೆಯುತ್ತದೆ, ಮಕ್ಕಳ ಕೈಗೆ ಕೊಟ್ಟರೆ ಅಪಾಯವಿಲ್ಲ, ಅದಕ್ಕೆ. ಗಾಳಕ್ಕೆ ಎರೆಹುಳ ಸಿಕ್ಕಿಸಿದರೆ ಎರೆಹುಳ ತಿನ್ನುವ ಮೀನೇ ತಾನೇ ಸಿಗುವುದು? ಆ ಮೀನು ಅಬ್‌ಸೆಸಸ್ ತಿನ್ನುತ್ತದೆ ಎಂಬ ಭರವಸೆ ಏನೂ ಇರಲಿಲ್ಲ.

ಏನೇನು ಪ್ರಯತ್ನಿಸಿದರು

ಹುಡುಕಾಟದ ಕೆಲಸ ನೋಡಲು ಬಹಳ ಸಾದಾ. ಪೆಟ್ರಿ ತಟ್ಟೆಯ ಮೇಲೆ ರೋಗಿಯ ಬ್ಯಾಕ್ಟೀರಿಯಾವನ್ನು ತೆಳುವಾಗಿ ಹರಡಬೇಕು. ಮೇಲೆ ಫೇಜ್ ಇರುವ ದ್ರವದ ಹನಿಗಳನ್ನು ಇಡಬೇಕು. ಬ್ಯಾಕ್ಟೀರಿಯಾ ಬೆಳೆದು ತಟ್ಟೆ ಮಬ್ಬಾಗುತ್ತದೆ. ಫೇಜ್ ಕೊಂದಿದ್ದರೆ ಹನಿ ಬಿದ್ದ ಜಾಗ ಮಾತ್ರ ತಿಳಿಯಾಗಿ ಉಳಿಯುತ್ತದೆ. ಎಲ್ಲ ಹತ್ತು ಸಾವಿರವನ್ನೂ ಒಂದೊಂದಾಗಿ ಹಾಕಲು ಆಗುವುದಿಲ್ಲ. ಇಲ್ಲಿ ಮಕ್ಕಳು ಓದಿಸಿಟ್ಟಿದ್ದ ಡಿಎನ್‌ಎ ಕೆಲಸಕ್ಕೆ ಬಂತು. ಯಾವ ಫೇಜ್ ಯಾವ ಮನೆತನದ್ದು ಎಂದು ಗೊತ್ತಿತ್ತು. ಮನೆತನಕ್ಕೆ ಇಷ್ಟು ಎಂದು ಆರಿಸಿ ಪರೀಕ್ಷಿಸಿದರು.

ಜಿಡಿ01ರ ತಟ್ಟೆಯ ಮೇಲೆ ಮಡ್ಡಿ ತಿಳಿ ಮಾಡಿತು. ಚೆನ್ನಾಗಿಯೇ ಮಾಡಿತು. ಅಮೆರಿಕದ ಮಣ್ಣಿನಿಂದ ಬಂದಿದ್ದ ಇನ್ನೆರಡು ಫೇಜ್, ಜೋಯಿಜೆ ಮತ್ತು ಬಿಪಿಎಸ್, ಅರೆಬರೆ ಕೆಲಸ ಮಾಡಿದವು. ಉಳಿದವು ಏನೂ ಮಾಡಲಿಲ್ಲ.

ಜಿಡಿ02ರ ತಟ್ಟೆಗೆ ಹೊಂದುವುದು ಏನೂ ಸಿಗಲಿಲ್ಲ. ಆ ಎರಡನೆಯ ರೋಗಿ, ಫೇಜ್ ಸಿದ್ಧವಾಗುವ ಮುನ್ನವೇ ತೀರಿಕೊಂಡರು. ಈ ಪ್ರಕರಣವನ್ನು ಹೇಳುವವರು ಈ ಸಾಲನ್ನು ಬಿಟ್ಟುಬಿಡುವುದೇ ಜಾಸ್ತಿ. ಒಂದೇ ಕಾಯಿಲೆ, ಒಂದೇ ಪತ್ರ, ಒಂದೇ ಪ್ರಯೋಗಾಲಯ. ಒಬ್ಬರಿಗೆ ಕೀಲಿ ಸಿಕ್ಕಿತು, ಒಬ್ಬರಿಗೆ ಸಿಗಲಿಲ್ಲ.

ಈಗ ಎರಡನೆಯ ದೊಡ್ಡ ನಿರ್ಧಾರ. ಮಡ್ಡಿ ಕೊಲ್ಲುತ್ತದೆ ಎಂದು ಗೊತ್ತಾಗಿದೆ. ಹುಡುಗಿ ದಿನದಿಂದ ದಿನಕ್ಕೆ ಇಳಿಯುತ್ತಿದ್ದಾಳೆ. ಅದೊಂದನ್ನೇ ಶುದ್ಧ ಮಾಡಿ ಕಳಿಸಿಬಿಡಬಹುದಿತ್ತು. ಕಳಿಸಲಿಲ್ಲ.

ಏಕೆಂಬುದು ಕ್ಷಯದ ಚಿಕಿತ್ಸೆ ಗೊತ್ತಿರುವವರಿಗೆ ಹೊಸದಲ್ಲ. ಟಿಬಿಗೆ ಒಂದೇ ಮಾತ್ರೆ ಏಕೆ ಕೊಡುವುದಿಲ್ಲ? ಕೋಟಿಗಟ್ಟಲೆ ಬ್ಯಾಕ್ಟೀರಿಯಾದಲ್ಲಿ ಒಂದೆರಡು ಆ ಔಷಧಕ್ಕೆ ಬಗ್ಗದಂಥವು ಇದ್ದೇ ಇರುತ್ತವೆ. ಉಳಿದವು ಸತ್ತ ಮೇಲೆ ಆ ಒಂದೆರಡು ಬೆಳೆದು ಮತ್ತೆ ಮೈ ತುಂಬುತ್ತವೆ. ಫೇಜ್‌ಗೂ ಇದೇ ಲೆಕ್ಕ. ಮಡ್ಡಿಯಿಂದ ಪಾರಾದದ್ದು ಇನ್ನೊಂದರ ಬಾಯಿಗೆ ಬೀಳಬೇಕು, ಅದರಿಂದಲೂ ಪಾರಾದದ್ದು ಮೂರನೆಯದಕ್ಕೆ. ಹಾಗಾಗಿ ಮೂರು ಬೇಕು. ಆದರೆ ಇದ್ದದ್ದು ಒಂದು ಪೂರ್ತಿ, ಎರಡು ಅರೆಬರೆ.

ಜೋಯಿಜೆ ಏಕೆ ಅರೆಬರೆ ಎಂದು ನೋಡೋಣ. ಫೇಜ್‌ಗಳಲ್ಲಿ ಎರಡು ಸ್ವಭಾವ. ಒಂದು ಬಗೆಯದು ಹೊಕ್ಕ ಕೂಡಲೇ ಮನೆ ಒಡೆದು ಹೊರಡುತ್ತದೆ. ಮಡ್ಡಿ ಆ ಜಾತಿ. ಇನ್ನೊಂದು ಬಗೆಯದು ಬಾಡಿಗೆಗೆ ಬಂದು ಬಿಡಾರ ಹೂಡುವಂಥದ್ದು. ತನ್ನ ಡಿಎನ್‌ಎಯನ್ನು ಬ್ಯಾಕ್ಟೀರಿಯಾದ ಡಿಎನ್‌ಎ ಒಳಗೆ ಸೇರಿಸಿ ತೆಪ್ಪಗೆ ಕೂರುತ್ತದೆ. ಬ್ಯಾಕ್ಟೀರಿಯಾ ಬದುಕುತ್ತದೆ. ಅಷ್ಟೇ ಅಲ್ಲ, ಅದೇ ಬಗೆಯ ಇನ್ನೊಂದು ಫೇಜ್ ಬಂದರೆ ಒಳಗಿರುವುದು ಬಾಗಿಲು ಹಾಕಿಬಿಡುತ್ತದೆ. ಚಿಕಿತ್ಸೆಗೆ ಇಂಥದ್ದನ್ನು ಕೊಟ್ಟರೆ ರೋಗಿಗಿಂತ ಬ್ಯಾಕ್ಟೀರಿಯಾಕ್ಕೇ ಉಪಕಾರ. ಜೋಯಿಜೆ ಮತ್ತು ಬಿಪಿಎಸ್ ಈ ಬಿಡಾರದ ಜಾತಿಯವು.

ತೆಪ್ಪಗೆ ಕೂರುವಂತೆ ಮಾಡುವುದು ಒಂದು ಜೀನ್. ಜೋಯಿಜೆಯಲ್ಲಿ ಅದು 45ನೆಯದು. ಆ ಜೀನನ್ನು ಕಿತ್ತು ಹಾಕಿದರೆ ಫೇಜ್‌ಗೆ ಕೂರಲು ಬರುವುದಿಲ್ಲ, ಕೊಲ್ಲಲೇಬೇಕು. ಕೀಳುವ ವಿಧಾನವನ್ನು ಹ್ಯಾಟ್‌ಫುಲ್ ತಂಡವೇ ಹತ್ತು ವರ್ಷದ ಹಿಂದೆ ಸಿದ್ಧಪಡಿಸಿಕೊಂಡಿತ್ತು, ಫೇಜ್‌ನ ಯಾವ ಜೀನ್ ಏನು ಮಾಡುತ್ತದೆ ಎಂಬ ಕುತೂಹಲಕ್ಕೆ. ಆ ಹತಾರವೇ ಈಗ ಔಷಧ ತಯಾರಿಕೆಗೆ ಬಂತು. ಬಿಪಿಎಸ್‌ಗೂ ಹೀಗೇ ಮಾಡಿ, ಜೊತೆಗೆ ಜಿಡಿ01 ಅನ್ನು ಚೆನ್ನಾಗಿ ಹಿಡಿಯಬಲ್ಲ ಒಂದು ರೂಪಾಂತರವನ್ನು ಆರಿಸಿಕೊಂಡರು. ಮೂರೂ ಈಗ ಮನೆ ಒಡೆಯುವ ಜಾತಿ.

ಗಮನಿಸಿ, ಇಲ್ಲಿ ಹೊಸ ಜೀನ್ ಏನನ್ನೂ ಸೇರಿಸಲಿಲ್ಲ. ಇದ್ದದ್ದನ್ನು ತೆಗೆದರು ಅಷ್ಟೇ. ಆದರೂ ಜೀನ್ ತಿದ್ದಿದ ವೈರಸ್ ಅನ್ನು ಮನುಷ್ಯನ ರಕ್ತಕ್ಕೆ ಬಿಡುವುದೆಂದರೆ ಅನುಮತಿಗಳ ಸಾಲು ಸಣ್ಣದಲ್ಲ. ತಿದ್ದಿದ ಫೇಜ್‌ನಿಂದ ಹೀಗೆ ಚಿಕಿತ್ಸೆ ಮಾಡಿದ್ದು ಅದೇ ಮೊದಲು. ಮೈಕೋಬ್ಯಾಕ್ಟೀರಿಯಾದ ಸೋಂಕಿಗೆ ಮನುಷ್ಯರಲ್ಲಿ ಫೇಜ್ ಬಳಸಿದ್ದೂ ಅದೇ ಮೊದಲು. ಫೇಜ್‌ಗಳನ್ನು ಸ್ಮೆಗ್‌ಮ್ಯಾಟಿಸ್ ಮೇಲೆಯೇ ಬೆಳೆಸಿದರು, ರೋಗ ತರುವ ಬ್ಯಾಕ್ಟೀರಿಯಾದ ಚೂರು ಔಷಧದಲ್ಲಿ ಉಳಿಯಬಾರದಲ್ಲ. ಸತ್ತ ಬ್ಯಾಕ್ಟೀರಿಯಾದ ಕಸವನ್ನೆಲ್ಲ ತೆಗೆದು ಶುದ್ಧ ಮಾಡಿ ಕಳಿಸಿದರು. ಇದೆಲ್ಲ ಮುಗಿಯುವ ಹೊತ್ತಿಗೆ 2018ರ ಜೂನ್. ಪತ್ರ ಬಂದು ಎಂಟು ತಿಂಗಳು.

ಆದದ್ದೇನು

ನೇರ ರಕ್ತಕ್ಕೆ ಬಿಡಲಿಲ್ಲ. ಮೊದಲು ಎದೆಯ ಗಾಯದ ಮೇಲೆ ಸ್ವಲ್ಪ ಹಾಕಿ ಒಂದು ದಿನ ನೋಡಿದರು. ಏನೂ ಆಗಲಿಲ್ಲ. ಮಾರನೆಯ ದಿನ ರಕ್ತನಾಳಕ್ಕೆ. ಒಂದೊಂದು ಫೇಜ್ ನೂರು ಕೋಟಿ ಕಣ, ಮೂರೂ ಸೇರಿಸಿ, 12 ಗಂಟೆಗೊಮ್ಮೆ. ಮೊದಲ ಎರಡು ದಿನ ಹುಡುಗಿ ಬೆವರಿದಳು, ಮುಖ ಕೆಂಪೇರಿತು. ಜ್ವರ ಬರಲಿಲ್ಲ. ಒಂಬತ್ತನೆಯ ದಿನ ಆಸ್ಪತ್ರೆಯಿಂದ ಮನೆಗೆ ಹೋದಳು. ಔಷಧ ನಿಲ್ಲಲಿಲ್ಲ. ದಿನಕ್ಕೆ ಎರಡು ಸಲದಂತೆ ಕನಿಷ್ಠ 32 ವಾರ ನಡೆಯಿತು.

ತಿಂಗಳುಗಳು ಕಳೆದಂತೆ ಎದೆಯ ಗಾಯ ಮುಚ್ಚಿತು. ಪಿತ್ತಜನಕಾಂಗದ ಕೆಲಸ ಸುಧಾರಿಸಿತು. ಚರ್ಮದ ಗಂಟುಗಳು ನಿಧಾನಕ್ಕೆ ಕರಗಿದವು, ಆದರೆ ಎಲ್ಲವೂ ಅಲ್ಲ. ಸೋಂಕು ಪೂರ್ತಿ ಬೇರುಸಹಿತ ಹೋಯಿತು ಎಂದು ಆ ವರದಿ ಹೇಳುವುದಿಲ್ಲ. ಹತೋಟಿಗೆ ಬಂತು ಎನ್ನುತ್ತದೆ. ಮನೆಯಲ್ಲಿ ಕೊನೆಯ ದಿನಗಳನ್ನು ಎಣಿಸುತ್ತಿದ್ದ ಹುಡುಗಿ ಮತ್ತೆ ಓದು, ಸ್ನೇಹಿತರು, ಮನೆಮಂದಿ ಎಂಬ ದಿನಚರಿಗೆ ಮರಳಿದಳು. ಅಷ್ಟು ಸಾಕಷ್ಟು ದೊಡ್ಡದು. ಅದನ್ನು ಇನ್ನೂ ಉಬ್ಬಿಸಬೇಕಾಗಿಲ್ಲ.

ವರದಿ ಬರೆದವರೇ ಒಂದು ಎಚ್ಚರಿಕೆ ಇಟ್ಟರು. ಇದು ಒಬ್ಬಳೇ ರೋಗಿ. ಹೋಲಿಸಿ ನೋಡಲು ಫೇಜ್ ಕೊಡದ ಇನ್ನೊಬ್ಬಳು ಇಲ್ಲ. ಫೇಜ್ ಇಲ್ಲದೆಯೂ ಚೇತರಿಸಿಕೊಳ್ಳುತ್ತಿದ್ದಳೇ? ಅವಳ ಸ್ಥಿತಿ ನೋಡಿದರೆ ನಂಬುವುದು ಕಷ್ಟ. ಆದರೆ ಸಾಬೀತು ಮಾಡಲೂ ಬರುವುದಿಲ್ಲ. ತಟ್ಟೆಯ ಮೇಲೆ ತಿಳಿಯಾದ ಕಲೆ ಮತ್ತು ಮೈಯಲ್ಲಿ ಕರಗಿದ ಗಂಟು, ಇವೆರಡರ ನಡುವೆ ಎಷ್ಟೋ ಸಂಗತಿಗಳಿವೆ.

ಅದೇ ಔಷಧ, ಬೇರೆ ಮೈ

ಈ ಪ್ರಕರಣ ನನಗೆ ಪೂರ್ತಿ ಅರ್ಥವಾದದ್ದು ಎರಡು ವರ್ಷದ ಮೇಲೆ, ಇನ್ನೊಂದು ಪ್ರಕರಣ ಓದಿದಾಗ.

2021ರಲ್ಲಿ ಅದೇ ಪತ್ರಿಕೆಯಲ್ಲಿ 81 ವರ್ಷದ ಒಬ್ಬ ರೋಗಿಯ ವಿವರ ಬಂತು. ಶ್ವಾಸಕೋಶದಲ್ಲಿ ಅದೇ ಅಬ್‌ಸೆಸಸ್. ಕೊಟ್ಟದ್ದು ಅದೇ ಮೂರು ಫೇಜ್. ಈ ರೋಗಿಗೆ ಕಸಿ ಆಗಿರಲಿಲ್ಲ, ರೋಗನಿರೋಧಕ ಶಕ್ತಿ ಸರಿಯಾಗಿಯೇ ಇತ್ತು. ಹಾಗಾದರೆ ಹುಡುಗಿಗಿಂತ ಇವರಿಗೇ ಒಳ್ಳೆಯ ಫಲ ಸಿಗಬೇಕಿತ್ತಲ್ವಾ?

ಮೊದಲ ತಿಂಗಳು ಸಿಕ್ಕಿತು. ಕಫದಲ್ಲಿನ ಬ್ಯಾಕ್ಟೀರಿಯಾ ಹತ್ತರಲ್ಲಿ ಒಂದು ಪಾಲಿಗೆ ಇಳಿಯಿತು. ಆಮೇಲೆ ಮತ್ತೆ ಏರಿತು. ಬ್ಯಾಕ್ಟೀರಿಯಾ ಬದಲಾಗಿ ಫೇಜ್‌ಗೆ ಬಗ್ಗದಂತಾಯಿತು ಎಂದುಕೊಂಡರೆ ತಪ್ಪು. ಬದಲಾದದ್ದು ರೋಗಿಯ ರಕ್ತ. ದೇಹಕ್ಕೆ ಫೇಜ್ ಕೂಡ ಹೊರಗಿನಿಂದ ಬಂದ ವೈರಸ್ಸೇ. ಅದು ಫೇಜ್ ವಿರುದ್ಧ ಪ್ರತಿಕಾಯಗಳನ್ನು ತಯಾರಿಸಿತು. ದಿನಕ್ಕೆರಡು ಸಲ ಬಿಡುತ್ತಿದ್ದ ಫೇಜ್, ಬ್ಯಾಕ್ಟೀರಿಯಾವನ್ನು ಮುಟ್ಟುವ ಮೊದಲೇ ನಿಷ್ಕ್ರಿಯವಾಗತೊಡಗಿತು.

ಈಗ ಹುಡುಗಿಯ ಕಡೆ ತಿರುಗಿ ನೋಡಿ. ಅವಳಲ್ಲಿ ಪ್ರತಿಕಾಯ ಬಲವಾಗಿ ಏಳಲಿಲ್ಲ. ಕಸಿಗಾಗಿ ಕೊಡುತ್ತಿದ್ದ ಔಷಧ ಕಾವಲುನಾಯಿಯನ್ನು ಮಲಗಿಸಿತ್ತು ಎಂದೆನಲ್ಲ, ಅದೇ ನಾಯಿ ಫೇಜ್ ಮೇಲೂ ಬೊಗಳಲಿಲ್ಲ. ಯಾವುದು ಸೋಂಕಿಗೆ ಬಾಗಿಲು ತೆರೆಯಿತೋ ಅದೇ ಚಿಕಿತ್ಸೆಗೂ ಬಾಗಿಲು ತೆರೆದಿರಬಹುದು. 2019ರಲ್ಲಿ ಇದನ್ನು ಯಾರೂ ಇಷ್ಟು ಸ್ಪಷ್ಟವಾಗಿ ಹೇಳಲು ಆಗುತ್ತಿರಲಿಲ್ಲ. ಚೆನ್ನಾಗಿ ಮುಗಿದ ಒಂದು ಪ್ರಕರಣದಿಂದ, ಅದು ಏಕೆ ಚೆನ್ನಾಗಿ ಮುಗಿಯಿತು ಎಂದು ತಿಳಿಯುವುದು ಕಷ್ಟ. ಕೆಟ್ಟ ಫಲ ಬಂದ ಎರಡನೆಯದು ಪಕ್ಕಕ್ಕೆ ಬಂದು ಕೂತಾಗಲೇ ಕಾಣುವುದು.

ಇನ್ನೊಂದು ಸಂಗತಿಯೂ ಆಮೇಲೆ ಹೊರಬಿತ್ತು. ಅಬ್‌ಸೆಸಸ್ ತಟ್ಟೆಯ ಮೇಲೆ ಎರಡು ರೂಪದಲ್ಲಿ ಬೆಳೆಯುತ್ತದೆ. ಕೆಲವು ತಳಿಗಳು ನುಣುಪಾಗಿ, ಕೆಲವು ಸುಕ್ಕುಸುಕ್ಕಾಗಿ. 82 ತಳಿಗಳನ್ನು ಪರೀಕ್ಷಿಸಿದಾಗ, ಸುಕ್ಕು ರೂಪದವುಗಳಲ್ಲಿ ನೂರಕ್ಕೆ 80ರಷ್ಟಕ್ಕೆ ಒಂದಲ್ಲ ಒಂದು ಫೇಜ್ ಬಿತ್ತು. ನುಣುಪು ರೂಪದ ಒಂದನ್ನೂ ಯಾವ ಫೇಜೂ ಸರಿಯಾಗಿ ಕೊಲ್ಲಲಿಲ್ಲ. ಮೈಮೇಲಿನ ಕೊಬ್ಬಿನ ಹೊದಿಕೆಯ ವ್ಯತ್ಯಾಸ ಅಷ್ಟೇ, ಫೇಜ್‌ಗೆ ಹೊಂದುವುದೋ ಇಲ್ಲವೋ ಎಂಬುದಕ್ಕೆ ಅದೇ ದೊಡ್ಡ ಸುಳಿವಾಯಿತು. ಈಗ ಯಾರಾದರೂ ರೋಗಿಯ ಬ್ಯಾಕ್ಟೀರಿಯಾ ಕಳಿಸಿದರೆ ಮೊದಲು ಕೇಳಬೇಕಾದ ಪ್ರಶ್ನೆ, 'ನುಣುಪೋ, ಸುಕ್ಕೋ?'

ಇಲ್ಲಿಂದ ಕಲಿಯುವುದು

ಪದವಿ ತರಗತಿಯಲ್ಲಿ ಈ ಪ್ರಕರಣ ಹೇಳಿದಾಗಲೆಲ್ಲ ಹುಡುಗರು ಕೇಳುವ ಮೊದಲ ಪ್ರಶ್ನೆ, 'ಸಾರ್, ಹಾಗಾದ್ರೆ ಆಂಟಿಬಯೋಟಿಕ್ ಬಿಟ್ಟು ಇದನ್ನೇ ಕೊಡಬಹುದಲ್ವಾ?' ಕೊಡಲಾಗದು. ಆಂಟಿಬಯೋಟಿಕ್ ಅಂಗಡಿಯಲ್ಲಿ ಸಿಗುವ ರೆಡಿಮೇಡ್ ಅಂಗಿ. ಸುಮಾರಾಗಿ ಎಲ್ಲರಿಗೂ ಆಗುತ್ತದೆ. ಫೇಜ್ ಅಳತೆ ತೆಗೆದು ಹೊಲಿಸುವ ಅಂಗಿ. ಹೊಲಿಸಲು ಎಂಟು ತಿಂಗಳು ಹಿಡಿಯಿತು. ಅಬ್‌ಸೆಸಸ್ ನಿಧಾನದ ಕಾಯಿಲೆ, ಅದಕ್ಕೇ ಕಾಯಲು ಆಯಿತು. ರಕ್ತಕ್ಕೆ ವಿಷವೇರಿ ಐಸಿಯುನಲ್ಲಿ ಮಲಗಿದವರಿಗೆ ಎಂಟು ದಿನವೂ ಇರುವುದಿಲ್ಲ.

ಎರಡನೆಯ ಪ್ರಶ್ನೆ, 'ಇದು ಅದೃಷ್ಟ ಅಲ್ವಾ ಸಾರ್?' ಮಡ್ಡಿ ಸಿಕ್ಕಿದ್ದು ಅದೃಷ್ಟವೇ. ಆದರೆ ಆ ಅದೃಷ್ಟ ಕೈಗೆ ಸಿಗಬೇಕಾದರೆ, ಹತ್ತು ಹದಿನೈದು ವರ್ಷ ಯಾವ ರೋಗಿಯೂ ಕಣ್ಣಮುಂದೆ ಇಲ್ಲದೆ ಮಣ್ಣು ಅಗೆದು, ಡಿಎನ್‌ಎ ಓದಿಸಿ, ಲೇಬಲ್ ಬರೆದು, ಫ್ರೀಜರಿನಲ್ಲಿ ಇಟ್ಟವರು ಇರಬೇಕಿತ್ತು. 'ಇದರಿಂದ ಏನು ಉಪಯೋಗ?' ಎಂದು 2010ರಲ್ಲಿ ಯಾರಾದರೂ ಆ ವಿದ್ಯಾರ್ಥಿನಿಯನ್ನು ಕೇಳಿದ್ದರೆ ಅವಳ ಹತ್ತಿರ ಉತ್ತರ ಇರುತ್ತಿರಲಿಲ್ಲ. ಬದನೆಕಾಯಿ ಕೊಳೆಯುವ ತಿಪ್ಪೆಗೆ ನಮ್ಮಲ್ಲಿ ಬರವೇನಿಲ್ಲ. ಉಡುಪಿಯ ಮಟ್ಟುಗುಳ್ಳದ ಅಡಿಯಲ್ಲಿ ಏನಿದೆಯೋ ಯಾರು ಬಲ್ಲರು. ಪ್ರತಿ ಜಿಲ್ಲೆಯಲ್ಲೂ ವಿಜ್ಞಾನ ಕಾಲೇಜುಗಳಿವೆ, ಪ್ರತಿ ವರ್ಷ ಸಾವಿರಾರು ಮಕ್ಕಳು ಜೀವವಿಜ್ಞಾನ ಓದುತ್ತಾರೆ. ರೆಕಾರ್ಡ್ ಪುಸ್ತಕದಲ್ಲಿ ಈರುಳ್ಳಿ ಸಿಪ್ಪೆಯ ಚಿತ್ರ ಬರೆಸುವ ಬದಲು ಒಂದು ಹಿಡಿ ಮಣ್ಣು ತರಿಸಬಹುದು ಎಂದು ನನಗೆ ಪ್ರತಿ ಸಲವೂ ಅನ್ನಿಸುತ್ತದೆ.

ಫೇಜ್ ಕೆಲಸ ನಮ್ಮಲ್ಲಿ ನಡೆದೇ ಇಲ್ಲ ಎಂದಲ್ಲ. ಬೆಂಗಳೂರಿನಲ್ಲಿ 2000ದ ಸುಮಾರಿಗೆ ಶುರುವಾದ ಗಂಗಾಜೆನ್ ಎಂಬ ಕಂಪನಿ ಬೇರೆಯೇ ದಾರಿ ಹಿಡಿಯಿತು. ಇಡೀ ಫೇಜ್ ಬದಲು, ಬ್ಯಾಕ್ಟೀರಿಯಾದ ಗೋಡೆ ಕೊರೆಯುವ ಅದರ ಒಂದು ಪ್ರೋಟೀನನ್ನು ಆಧಾರವಾಗಿಟ್ಟು ಪಿ128 ಎಂಬುದನ್ನು ತಯಾರಿಸಿದರು. ಗುರಿ ಸ್ಟ್ಯಾಫಿಲೋಕಾಕಸ್ ಎಂಬ ಬ್ಯಾಕ್ಟೀರಿಯಾ. ಪ್ರೋಟೀನ್ ಆದರೆ ಅಳತೆ ತೂಕ ಸುಲಭ, ಒಂದೊಂದು ತಳಿಗೂ ಹೊಸದಾಗಿ ಹುಡುಕುವ ತಲೆನೋವು ಕಡಿಮೆ. ಆದರೆ ಫೇಜ್‌ನ ಹಾಗೆ ಬ್ಯಾಕ್ಟೀರಿಯಾ ಸಿಕ್ಕ ಕಡೆ ತಾನೇ ಮರಿ ಹಾಕಿ ಹೆಚ್ಚುವ ಗುಣ ಅದಕ್ಕೆ ಇಲ್ಲ. ಒಂದನ್ನು ಪಡೆಯಲು ಇನ್ನೊಂದನ್ನು ಬಿಡಬೇಕು.

ಹುಡುಗಿಯ ಸುದ್ದಿ ಹರಡಿದ ಮೇಲೆ ಪಿಟ್ಸ್‌ಬರ್ಗ್‌ಗೆ ಪತ್ರಗಳ ಮಳೆಯೇ ಸುರಿಯಿತು. ಅದರ ಲೆಕ್ಕವನ್ನು ಆ ತಂಡ 2022ರಲ್ಲಿ ಹೊರಗಿಟ್ಟಿತು. 200 ರೋಗಿಗಳ ಬ್ಯಾಕ್ಟೀರಿಯಾವನ್ನು ಪರೀಕ್ಷಿಸಿದ್ದರು. 55ಕ್ಕೆ ಹೊಂದುವ ಫೇಜ್ ಸಿಕ್ಕಿತು. ಚಿಕಿತ್ಸೆಯವರೆಗೆ ಬಂದವರು 20 ಜನ. ಅವರಲ್ಲಿ 11 ಜನರಲ್ಲಿ ಒಳ್ಳೆಯ ಫಲ ಕಂಡಿತು. ಫೇಜ್‌ನಿಂದ ಕೆಟ್ಟ ಅಡ್ಡಪರಿಣಾಮ ಯಾರಲ್ಲೂ ಕಾಣಲಿಲ್ಲ. ಎಂಟು ಜನರ ರಕ್ತದಲ್ಲಿ, ಆ 81 ವರ್ಷದವರ ಹಾಗೆ, ಫೇಜ್ ಅನ್ನು ಕಟ್ಟಿಹಾಕುವ ಪ್ರತಿಕಾಯ ಎದ್ದವು.

ಉಳಿದ 145 ತಟ್ಟೆಗಳು ಮಬ್ಬಾಗಿಯೇ ಉಳಿದವು, ಜಿಡಿ02ರ ಹಾಗೆ. ಮಕ್ಕಳು ಇನ್ನೂ ಮಣ್ಣು ತರುತ್ತಿದ್ದಾರೆ.